ಇಪ್ಪತ್ತೇಳನೇ ನಂಬರಿನ ಬಾಗಿಲು

ಮೀರಾಬಾಯಿಯ ಮನೆ ಕಾಗದದ ಮೇಲೆ ಎದ್ದು ನಿಂತು ಎಂಟು ತಿಂಗಳಾಗಿತ್ತು. ಆ ಸುದ್ದಿ ಮೀರಾಬಾಯಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು 2003ರ ಮಾರ್ಚ್ ಇಪ್ಪತ್ತೈದರಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದೂವರೆಗೆ ಹುಮನಾಬಾದ್ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಿತು.

"ಸಂಗಮ ಗೃಹ ಸಂಘದಿಂದ ಕ್ಲರ್ಕ್ ಶಿವರಾಜ ಮಾತಾಡಾಕತ್ತೀನ್ರಿ. ಇಲ್ಲೊಬ್ಬಾಕಿ ಹೆಣ್ಮಗಳು ಸಂಘದ ಫೈಲು ಎದಿಗವಚಿಕೊಂಡು ಕುಂತಾಳ. ಕೊಡು ಅಂದ್ರ ಕೊಡವಲ್ಲಳು. ಲಗೂ ಬರ್ರಿ."

ಪಿಎಸ್‌ಐ ಸಾಹೇಬರು ಬಂದೋಬಸ್ತಿಗೆಂದು ಬೀದರಿಗೆ ಹೋಗಿದ್ದರು. ಎಎಸ್‌ಐ ಮೋನಪ್ಪ ಟೋಪಿ ಹಾಕಿಕೊಂಡು ಹೊರಟ.

ಮೋನಪ್ಪನಿಗೆ ಐವತ್ನಾಲ್ಕು. ಕೊಡಂಬಲದ ಬಡಿಗೇರರ ಮಗ. ಕೈಗೆ ಲಾಠಿ ಬರುವ ಮೊದಲು ಉಳಿ, ಬಾಚಿ ಬಂದಿದ್ದವು. ಪೊಲೀಸನಾಗಿ ಮೂವತ್ತು ವರ್ಷವಾದರೂ ಒಂದು ಚಟ ಹೋಗಿರಲಿಲ್ಲ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಸವರುತ್ತಿದ್ದ. "ನಮ್ಮ ಮೋನಪ್ಪ ಕಳ್ಳನ್ನ ಹಿಡಿಯೂಕಿಂತ ಮೊದಲ ಬಾಗಲ ಹಿಡೀತಾನ" ಎಂದು ಠಾಣೆಯವರು ನಗುತ್ತಿದ್ದರು. ಮೋನಪ್ಪನೂ ಅವರ ಜೊತೆ ನಗುತ್ತಿದ್ದ. ಚಟ ಮಾತ್ರ ಬಿಡುತ್ತಿರಲಿಲ್ಲ.

ಸಂಘದ ಕಚೇರಿಯಲ್ಲಿ ಮೀರಾಬಾಯಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ಕೈಯಲ್ಲಿ ಇನ್ನೂ ಒಗ್ಗರಣೆಯ ವಾಸನೆ ಇತ್ತು. ಶಿವರಾಜ ಮೇಜಿನ ಹಿಂದೆ ನಿಂತು ಬೆವರುತ್ತಿದ್ದ.

"ಸಾಹೇಬ್ರ, ನಾ ಕಳ್ಳಿ ಅಲ್ರಿ. ನನ್ನ ಮನೀನ ಕಳುವಾಗ್ಯಾದ್ರಿ" ಎಂದಳು ಮೀರಾಬಾಯಿ.

ಮೋನಪ್ಪ ಕುರ್ಚಿ ಬಿಟ್ಟು ಅವಳೆದುರಿಗೆ ನೆಲದ ಮೇಲೇ ಕುಳಿತ.

"ಮನಿ ಹ್ಯಾಂಗ ಕಳುವಾಗ್ತದ ಯವ್ವಾ?"

"ಕಟ್ಟೂಕಿಂತ ಮೊದಲ ಕದ್ದಾರ್ರಿ. ನೀವ ನೋಡ್ರಿ."

ಅವಳು ಫೈಲನ್ನು ಮೋನಪ್ಪನ ಕೈಗೆ ಕೊಟ್ಟಳು. ಶಿವರಾಜ ನಿಟ್ಟುಸಿರು ಬಿಟ್ಟ.

ಸಂಘದ 'ಮೊದಲ ಮನೆ' ಯೋಜನೆಯ ಸುದ್ದಿ ಮೋನಪ್ಪನ ಕಿವಿಯ ಮೇಲೆ ಬಿದ್ದಿತ್ತು. ಜನ್ಮದಲ್ಲಿ ಸ್ವಂತ ಮನೆ ಕಾಣದವರಿಗಾಗಿ ಮಾಡಿದ್ದು. ಊರ ಹೊರಗೆ ನಲವತ್ತು ನಿವೇಶನ. ಬುನಾದಿ ಸಂಘದ್ದು, ಮೇಲಿನ ಗೋಡೆಗೆ ಬ್ಯಾಂಕಿನ ಸಾಲ. ಆದರೆ ಮೂವತ್ತು ಸಾವಿರ ಮುಂಗಡ ಕಟ್ಟದವರ ಮುಖವನ್ನು ಬ್ಯಾಂಕು ನೋಡುವುದಿಲ್ಲ. ತಿಂಗಳ ಕಂತು ಕಟ್ಟುವ ಶಕ್ತಿ ಇದ್ದವರೂ ಈ ಮುಂಗಡದ ಮುಂದೆ ಮುಗ್ಗರಿಸುತ್ತಾರೆ. ಅದಕ್ಕೇ ಅರ್ಧ ಮುಂಗಡವನ್ನು ಸಂಘವೇ ಕೊಡುತ್ತಿತ್ತು. ಹದಿನೈದು ಸಾವಿರ. ಸಾಲವಲ್ಲ, ಸಹಾಯ. ಷರತ್ತು ಎರಡೇ. ಬುನಾದಿಯ ಮೇಲೆ ಬಾಗಿಲ ಚೌಕಟ್ಟು ನಿಲ್ಲಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿ ಕೊಡಬೇಕು. ಮತ್ತೆ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ.

ಮೀರಾಬಾಯಿ ತನ್ನ ಪಾಲಿನ ಹದಿನೈದು ಸಾವಿರವನ್ನು ನಾಲ್ಕು ವರ್ಷ ಕೂಡಿಟ್ಟು, ಡಿ.ಡಿ. ಮಾಡಿಸಿಕೊಂಡು ಬಂದಿದ್ದಳು. "ಐತವಾರ ಚೌಕಟ್ಟು ನಿಲ್ಲಸ್ತೀವಿ, ಸೋಮವಾರ ಫೋಟೊ ತರ್ತೀನಿ" ಎಂದು ಹೇಳಲು ಬಂದವಳಿಗೆ ಶಿವರಾಜ ಫೈಲು ತೆರೆದು ತೋರಿಸಿದ್ದ. ಅವಳ ಹೆಸರಿನ ಸಹಾಯಧನ ಹೋದ ಜುಲೈ ಇಪ್ಪತ್ತೆರಡಕ್ಕೇ ಸಂದಾಯವಾಗಿತ್ತು. ವೋಚರಿನ ಮೇಲೆ ಹೆಬ್ಬೆಟ್ಟು. ಜೊತೆಗೆ ಫೋಟೊ: ಬುನಾದಿ, ಚೌಕಟ್ಟು, ಪಕ್ಕದಲ್ಲಿ ಗದ್ದದವರೆಗೂ ಸೆರಗೆಳೆದುಕೊಂಡ ಹೆಂಗಸು.

"ಇಕಿ ನೀನ ಏನು?" ಮೋನಪ್ಪ ಕೇಳಿದ.

"ಇಂಥಾ ಜರಿ ಸೀರಿ ನನ್ನ ಹತ್ರ ಇದ್ದಿದ್ರ ಅದನ್ನ ಮಾರಿ ಸಿಮಿಂಟ್ ತರ್ತಿದ್ದೆ ಸಾಹೇಬ್ರ. ಮತ್ತ ನಾ ಸಹಿ ಮಾಡ್ತೀನ್ರಿ. ಸಾಕ್ಷರತಾ ಕ್ಲಾಸಿನಾಗ ಕಲ್ತೀನಿ. ಅಂಗೂಠಾ ಒತ್ತೂದು ಬಿಟ್ಟು ಎಂಟು ವರ್ಷ ಆತು."

"ಸಹಿ ಬರೂವವರೂ ಒಮ್ಮೊಮ್ಮೆ ಒತ್ತತಾರ್ರಿ" ಎಂದ ಶಿವರಾಜ.

"ಈಗೇನು ದಾರಿ?" ಮೋನಪ್ಪ ಕೇಳಿದ.

"ದಾರಿ ಏನಿಲ್ರಿ. ಮೂವತ್ತೊಂದಕ್ಕ ಯೋಜನಾ ಮುಗೀತದ. ಮುಂಗಡ ಪೂರಾ ಕಟ್ಟಲಾರದವ್ರ ಪ್ಲಾಟು ಹರಾಜು. ಎರಡನೇ ಸಲ ಸಹಾಯ ಕೊಡೂ ಹಂಗಿಲ್ಲ."

ಇನ್ನು ಆರು ದಿನ. ಅದರಲ್ಲಿ ಒಂದು ಭಾನುವಾರ. ಅಷ್ಟರಲ್ಲಿ ಆ ಮುಚ್ಚಿದ ಮುಖ ಯಾರದೆಂದು ಗೊತ್ತಾಗದಿದ್ದರೆ ಮೀರಾಬಾಯಿಗೆ ಈ ಜನ್ಮದಲ್ಲಿ ಮನೆ ಇಲ್ಲ.

ಶಿವರಾಜ ಮೋನಪ್ಪನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಅಕಿ ಮೈದುನ ಮಚ್ಚೇಂದ್ರನ್ನ ಕೇಳ್ರಿ. ರೇಷನ್ ಕಾರ್ಡಿನ ಝೆರಾಕ್ಸ್ ತಂದು ಕೊಟ್ಟಾಂವ ಅಂವನ. ಮುಂದಿನ ತಿಂಗಳನ್ಯಾಗ ಮೋಟರ್ ಸೈಕಲ್ ತಗೊಂಡ."

ಪಿಸುಗುಟ್ಟುವವರ ಮಾತನ್ನು ಮೋನಪ್ಪ ಯಾವಾಗಲೂ ಕೇಳುತ್ತಿದ್ದ. ಅರ್ಧ ಮಾತ್ರ ನಂಬುತ್ತಿದ್ದ.

* * *

ಮೀರಾಬಾಯಿಯ ಇಪ್ಪತ್ತೇಳನೇ ನಂಬರಿನ ನಿವೇಶನದಲ್ಲಿ ಕೆಂಪು ಕಲ್ಲಿನ ಬುನಾದಿ ಇತ್ತು. ಅದರ ಮೇಲೆ ಏನೂ ಇರಲಿಲ್ಲ. ಬಾಗಿಲು ಬರಬೇಕಾದ ಜಾಗದಲ್ಲಿ ಒಂದು ಜಾಲಿ ಗಿಡ ಮೊಣಕಾಲೆತ್ತರ ಬೆಳೆದು ನಿಂತಿತ್ತು.

ಮೋನಪ್ಪ ಕುಕ್ಕರಗಾಲಲ್ಲಿ ಕುಳಿತು ಕಲ್ಲು ಮುಟ್ಟಿ ನೋಡಿದ. ಗಾರೆಯ ಗುರುತಿಲ್ಲ. ಬಿದಿರು ಊರಿದ ಕುಳಿ ಇಲ್ಲ.

"ಇಲ್ಲಿ ಎಂದೂ ಚೌಕಟ್ಟು ನಿಂತಿಲ್ಲ" ಎಂದ.

"ನಾ ಅದನ್ನ ಹೇಳಾಕತ್ತೀನಲ್ರಿ ಮುಂಜಾನಿಯಿಂದ" ಎಂದಳು ಮೀರಾಬಾಯಿ.

"ನೀ ಹೇಳಿದ್ರ ಅದು ಮಾತು ಯವ್ವಾ. ಕಲ್ಲು ಹೇಳಿದ್ರ ಸಾಕ್ಷಿ."

ಮಚ್ಚೇಂದ್ರ ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಸಿಕ್ಕ. ಮೋಟರ್ ಸೈಕಲ್ಲು ಎದುರಿಗೇ ನಿಂತಿತ್ತು. ಪೊಲೀಸರನ್ನು ಕಂಡು ಚಹಾ ತಟ್ಟೆಗೆ ಚೆಲ್ಲಿಕೊಂಡ.

"ಗಾಡಿಗಿ ರೊಕ್ಕ ಎಲ್ಲಿಂದ ಬಂತು?"

"ಕಬ್ಬು ಕಡಿಯಾಕ ಮುಂಗಡ ಇಸ್ಕೊಂಡೀನ್ರಿ. ಹಳ್ಳಿಖೇಡದಾಗ ನಮ್ಮ ಅಣ್ಣ, ವೈನಿ ಗಂಡ, ಜೈಭೀಮ ಟ್ರ್ಯಾಕ್ಟರ್ ಹೊಡೀತಾನ. ಅಂವನ ಟೋಳಿಯ ಮುಕಾದಮನ ಕೈಲೆ ಕೊಡಿಸ್ಯಾನ. ಇಡೀ ಹಂಗಾಮು ಕಡದು ತೀರಿಸೀನಿ. ಕೈ ನೋಡ್ರಿ."

ಅಂಗೈ ತುಂಬ ಕೊಯ್ದ ಗೆರೆ, ಗಂಟುಗಟ್ಟಿದ ಬೊಬ್ಬೆ.

"ನಿಮ್ಮ ವೈನಿ ಝೆರಾಕ್ಸ್ ಯಾರ ಕೈಗಿ ಕೊಟ್ಟಿ?"

"ಆ ಶಿವರಾಜನ ಕೈಗೇ ಕೊಟ್ಟೀನ್ರಿ." ಮಚ್ಚೇಂದ್ರನ ಕಣ್ಣು ಕೆಂಪಾಯಿತು. "ವೈನಿ ಮನಿ ಕದ್ದು ನಾ ಎಲ್ಲಿ ಮಲಗಲಿ ಸಾಹೇಬ್ರ? ಆ ಮನ್ಯಾಗ ನನಗೂ ಒಂದು ಮೂಲಿ ಕೊಡ್ತೀನಂದಾಳ. ಲಗ್ನಾನೂ ಆಗ್ತದ ಅಂದಾಳ."

"ಮೂಲಿ ಅಂದೀನಿ. ಲಗ್ನದ ಮಾತು ನಿಂದ" ಎಂದಳು ಮೀರಾಬಾಯಿ.

ಮೋನಪ್ಪನಿಗೆ ನಗೆ ಬಂತು. ಜಗಳದಲ್ಲೂ ಹೀಗೆ ಮಾತಾಡುವವರು ಒಬ್ಬರಿಂದೊಬ್ಬರು ಕದಿಯುವುದಿಲ್ಲ. ಕಬ್ಬು ಕಡಿಯುವವರ ಮೇಸ್ತ್ರಿಯಾದ ಆ ಮುಕಾದಮನಿಗೆ ಫೋನು ಮಾಡಿ ಕೇಳಿದ. ಲೆಕ್ಕ ತಾಳೆಯಾಯಿತು. ಮಚ್ಚೇಂದ್ರನ ಹೆಸರು ಹೊಡೆದುಹಾಕಿದ.

* * *

ಬುಧವಾರ ಮೋನಪ್ಪ ನಲವತ್ತೂ ಫೈಲು ತರಿಸಿ, ಫೋಟೊಗಳನ್ನು ಸಂಘದ ಉದ್ದನೆಯ ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿದ. ಬಸ್‌ಸ್ಟ್ಯಾಂಡಿನ ಎದುರಿಗೆ ಸ್ಟುಡಿಯೊ ಇಟ್ಟಿದ್ದ ಖಮರುದ್ದೀನ್‌ನನ್ನೂ ಕರೆಸಿದ. ಈ ಭಾಗದ ಫೋಟೊಗಳನ್ನು ತೆಗೆಯುತ್ತಿದ್ದವನು ಅವನೇ.

ಖಮರುದ್ದೀನ್ ಬಂದು, ಕನ್ನಡಕ ಒರೆಸಿಕೊಂಡು, ಒಂದೊಂದೇ ಫೋಟೊ ನೋಡಿದ. ನೋಡನೋಡುತ್ತ ಎರಡು ರಾಶಿ ಮಾಡಿದ. ದೊಡ್ಡದರಲ್ಲಿ ಇಪ್ಪತ್ತೊಂಬತ್ತು. ಸಣ್ಣದರಲ್ಲಿ ಹನ್ನೊಂದು.

"ಇವು ನಂದು. ಇವು ನಂದಲ್ಲ."

"ಹ್ಯಾಂಗ ಗೊತ್ತಾತು ಭಾಯ್? ಹಿಂದ ತಿರುಗಿಸಿ ಸ್ಟುಡಿಯೊದ ಸಿಕ್ಕಾ ಸುದ್ದಾ ನೋಡಲಿಲ್ಲ."

"ಸಿಕ್ಕಾ ಯಾಕ ಬೇಕ್ರಿ? ಈ ಹನ್ನೊಂದರಾಗೂ ಹೆಂಗಸ್ರು ಮುಖ ಮುಚ್ಚ್ಯಾರ. ಇಪ್ಪತ್ತು ವರ್ಷ ಆತು ಫೋಟೊ ಹೊಡ್ಯಾಕತ್ತಿ. ಲಗ್ನದಾಗ ಮುಖ ಮುಚ್ಚತಾರ, ಸಾವಿನ್ಯಾಗ ಮುಚ್ಚತಾರ. ತನ್ನ ಸ್ವಂತ ಮನಿ ಬಾಗಲ ನಿಲ್ಲೂವಾಗ ಯಾವ ಹೆಂಗಸು ಮುಖ ಮುಚ್ಚತಾಳ್ರಿ? 'ಭಾಯ್, ನನ್ನ ಮಾರಿ ನೆಟ್ಟಗ ಬರಬೇಕು ನೋಡು' ಅಂತ ನನಗ ಬೈತಾರ."

ಮೋನಪ್ಪ ಅವನ ಬೆನ್ನು ತಟ್ಟಿದ. ಆಮೇಲೆ ತಾನು ಹೆಂಗಸರನ್ನು ಬಿಟ್ಟು ಕಟ್ಟಿಗೆ ನೋಡತೊಡಗಿದ.

ದೊಡ್ಡ ರಾಶಿಯ ಚೌಕಟ್ಟುಗಳು ಬಡವರ ಚೌಕಟ್ಟುಗಳು. ಬೇವು, ಜಾಲಿ, ಎಲ್ಲೋ ಒಂದು ಮತ್ತಿ. ಆದರೆ ಬರಿದಾದದ್ದು ಒಂದೂ ಇಲ್ಲ. ಒಂದಕ್ಕೆ ಮಾವಿನ ತೋರಣ, ನವಧಾನ್ಯದ ಹಳದಿ ಗಂಟು. ಒಂದಕ್ಕೆ ವಿಭೂತಿಯ ಮೂರು ಗೆರೆ. ಒಂದಕ್ಕೆ ಮಲ್ಲಿಗೆ ಎಳೆಗಳ ಸೆಹರಾ. ಇನ್ನೊಂದಕ್ಕೆ ನೀಲಿ ಬಟ್ಟೆ, ಬಾಬಾಸಾಹೇಬರ ಪಟ. ದೇವರು ಬೇರೆ, ನಂಬಿಕೆ ಬೇರೆ. ಹುರುಪು ಒಂದೇ.

ಸಣ್ಣ ರಾಶಿಯ ಹನ್ನೊಂದು ಚೌಕಟ್ಟು ಬೋಳು. ಹೂವಿಲ್ಲ, ಅರಿಸಿನವಿಲ್ಲ, ಒಂದು ಎಲೆ ಕೂಡ ಇಲ್ಲ.

"ಭಾಯ್, ನಿನ್ನ ಭೂತಗನ್ನಡಿ ಕೊಡು."

ನೆಗೆಟಿವ್ ನೋಡುವ ಆ ಸಣ್ಣ ಕನ್ನಡಿಯನ್ನು ಮೋನಪ್ಪ ಮೊದಲ ಫೋಟೊದ ಮೇಲಿಟ್ಟ. ತೇಗದ ಕಟ್ಟಿಗೆ. ಮೇಲಿನ ಅಡ್ಡದಲ್ಲಿ ಕೆತ್ತಿದ ಕಮಲ. ಬಲಗಡೆಯ ಕಂಬದಲ್ಲಿ, ಸೊಂಟದೆತ್ತರಕ್ಕೆ, ಎಮ್ಮೆಯ ಕಣ್ಣಿನಂಥ ಒಂದು ಕರಿ ಗಂಟು.

ಎರಡನೇ ಫೋಟೊ. ಕಮಲ, ಅದೇ ಗಂಟು. ಐದನೆಯದು. ಒಂಬತ್ತನೆಯದು. ಹನ್ನೊಂದನೆಯದು.

ಮೋನಪ್ಪ ಕನ್ನಡಿಯನ್ನು ವೋಚರುಗಳ ಮೇಲೆ ಒಯ್ದ. ಹನ್ನೊಂದು ಹೆಸರು. ಹನ್ನೊಂದು ಹೆಬ್ಬೆಟ್ಟು. ಪ್ರತಿಯೊಂದರ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಕುಡುಗೋಲಿನ ಹಳೇ ಗಾಯದ್ದು.

"ಹನ್ನೊಂದು ಹೆಸರು, ಹೆಬ್ಬೆಟ್ಟು ಒಂದ" ಎಂದ ಮೋನಪ್ಪ. "ಹನ್ನೊಂದು ಮನಿ, ಬಾಗಲನೂ ಒಂದ."

ಶಿವರಾಜ ಅವಸರದಿಂದ ಫೈಲುಗಳನ್ನು ಕಟ್ಟತೊಡಗಿದ.

* * *

ಅಂದು ಸಂಜೆಯವರೆಗೆ ಮೋನಪ್ಪ ತಪ್ಪು ದಾರಿ ಹಿಡಿದ. ಒಂದು ಚೌಕಟ್ಟನ್ನು ಹನ್ನೊಂದು ಬುನಾದಿಗೆ ಹೊತ್ತು ತಿರುಗಿಸಿದ್ದಾರೆ ಎಂದುಕೊಂಡ. ಟೆಂಪೊದವರನ್ನು ಕೇಳಿದ. ಹಮಾಲರನ್ನು ಕೇಳಿದ. ಮನ್ನಾಏಖೇಳ್ಳಿಯ ನಾಕಾದವರೆಗೂ ಹೋಗಿ ಬಂದ. ಅಂಥ ಚೌಕಟ್ಟು ಕಂಡವರೇ ಇಲ್ಲ.

ಮರಳಿ ಬರುವಾಗ ಅವನೊಳಗಿನ ಬಡಿಗ ಪೊಲೀಸನನ್ನು ಬೈದ. ಅಷ್ಟು ದಪ್ಪದ ತೇಗ ಎತ್ತಲು ನಾಲ್ಕು ಆಳು ಬೇಕು. ಹನ್ನೊಂದು ಸಲ ಎತ್ತಿ ಇಳಿಸಿದರೆ ಒಂದು ಮೂಲೆಯಾದರೂ ಚೆಕ್ಕೆ ಏಳಬೇಡವೇ? ಹನ್ನೊಂದನೇ ಫೋಟೊದಲ್ಲೂ ಮೂಲೆಗಳು ಹೊಸದಾಗಿಯೇ ಇದ್ದವು.

ಇನ್ನೊಂದು ಮಾತು. ಹದಿನೈದು ಸಾವಿರದ ಸಹಾಯ ಬೇಡುವವರು ಕಮಲ ಕೆತ್ತಿದ ತೇಗದ ಬಾಗಿಲು ಇಡುತ್ತಾರೆಯೇ? ಆ ಚೌಕಟ್ಟು ದೊಡ್ಡ ಮನೆಯದು. ಯಾರೋ ತಮಗಾಗಿ ಮಾಡಿಸಿಕೊಂಡದ್ದು.

ಶಿವರಾಜ ಹೋದ ವರ್ಷವೇ ಹೊಸ ಮನೆ ಕಟ್ಟಿದ್ದ. ಇದು ಊರಿಗೆಲ್ಲ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಮೋನಪ್ಪ ಅವನ ಬಾಗಿಲಲ್ಲಿದ್ದ. ಚೌಕಟ್ಟಿನ ಮೇಲೆ ಅಂಗೈ ಸವರಿದ. ಬೇವಿನದು. ಕಮಲವೂ ಇಲ್ಲ, ಗಂಟೂ ಇಲ್ಲ. ಹೊಸ್ತಿಲಿಗೆ ಅಂದಿನ ಅರಿಸಿನ ಇನ್ನೂ ಹಸಿಯಾಗಿತ್ತು.

"ನಾ ಅಲ್ರಿ ಸಾಹೇಬ್ರ" ಎಂದ ಶಿವರಾಜ, ಕೇಳುವ ಮೊದಲೇ. "ವೋಚರು, ಫೋಟೊ ಎಲ್ಲಾ ಬಸವಕಲ್ಯಾಣದ ಹೆಡ್ ಆಫೀಸಿನಿಂದ ತಯಾರಾಗಿ ಬಸ್ಸಿನ್ಯಾಗ ಬರ್ತಾವ. ರೊಕ್ಕಾನೂ ಅಲ್ಲೇ ಕಾರ್ಯದರ್ಶಿಗಳ ಕೊಡ್ತಾರ. ನಾ ಬಂದದ್ದು ಫೈಲಿಗಿ ಹಚ್ಚತೀನಿ, ಅಷ್ಟ. ಮಚ್ಚೇಂದ್ರನ ಹೆಸರು ಹೇಳಿದ್ದು ಹೆದರಿಕಿಗಿ."

"ಹೆದರಿದಾಂವ ಬ್ಯಾರೆಯವ್ರ ಮನಿ ಕಡಿ ಬಟ್ಟು ತೋರಿಸ್ತಾನ. ಗೊತ್ತದ ನನಗ."

ಅಷ್ಟರಲ್ಲಿ ಶಿವರಾಜನ ತಾಯಿ ಸತ್ಯಮ್ಮ ನೀರಿನ ತಂಬಿಗೆ ಹಿಡಿದು ಬಂದರು. ಪೊಲೀಸ ತಮ್ಮ ಬಾಗಿಲು ಸವರುವುದನ್ನು ಕಂಡು ಅವರಿಗೆ ಖುಷಿಯಾಗಿತ್ತು.

"ಛಂದ ಅದ ಅಲ್ರಿ? ಇದನ್ನ ತಂದು ತಿಂಗಳಗಟ್ಲೆ ಗ್ವಾಡಿಗಿ ಆನಿಸಿ ಇಟ್ಟಿದ್ವಿ. ನನ್ನ ಮಗ ಗಡಿಬಿಡಿ ಮಾಡ್ದ. ನಾ ಬ್ಯಾಡ ಅಂದೆ. ಆಷಾಢದಾಗ ಬಾಗಲ ನಿಲ್ಲಸೂ ಪದ್ಧತಿ ಎಲ್ಲಿ ಅದ? ಅರಿಸಿನ ಸುದ್ದಾ ನಾ ಹಚ್ಚಗೊಡಲಿಲ್ಲ. ಶ್ರಾವಣ ಬಂದ ಮ್ಯಾಲೆ ಪೂಜಾ ಮಾಡಿ ನಿಲ್ಲಿಸಿದ್ವಿ."

ಮೋನಪ್ಪನ ಕೈ ಚೌಕಟ್ಟಿನ ಮೇಲೇ ನಿಂತಿತು.

"ಹೋದ ವರ್ಷ ಆಷಾಢ ಯಾವಾಗ ಬಂದಿತ್ತು ತಾಯೀ?"

"ಜುಲೈ ಹತ್ತಕ್ಕ ಅಮಾವಾಸಿ. ಮರುದಿನಾ ಹಿಡಿದು ಆಗಸ್ಟ್ ಎಂಟರ ತನಕ ಆಷಾಢನ."

ಹನ್ನೊಂದು ವೋಚರುಗಳ ತಾರೀಖುಗಳು ಮೋನಪ್ಪನಿಗೆ ಬಾಯಿಪಾಠವಾಗಿದ್ದವು. ಮೊದಲನೆಯದು ಜುಲೈ ಹದಿನೈದು. ಕೊನೆಯದು ಆಗಸ್ಟ್ ಐದು.

ಅವನು ತಂಬಿಗೆ ಎತ್ತಿ ಗಟಗಟ ನೀರು ಕುಡಿದ. "ತಾಯೀ, ನೀವು ಪೊಲೀಸ್ ಖಾತೆಯಾಗ ಇರಬೇಕಿತ್ತು" ಎಂದ.

* * *

ಶುಕ್ರವಾರ ಹತ್ತು ಗಂಟೆಗೆ ಬಸವಕಲ್ಯಾಣದಲ್ಲಿ ಒಂದು ಜೀಪು ನಿಂತಿತು. ಮೋನಪ್ಪ ಇಳಿದ. ಹಿಂದೆ ಮೀರಾಬಾಯಿ, ಶಿವರಾಜ, ಖಮರುದ್ದೀನ್. ಊರ ಠಾಣೆಯ ಇಬ್ಬರು ಕಾನ್‌ಸ್ಟೆಬಲ್‌ಗಳು ಆಗಲೇ ಬಂದಿದ್ದರು.

ಕೋಟೆಗೆ ಹೋಗುವ ರಸ್ತೆಯಲ್ಲಿ ಎರಡು ಅಂತಸ್ತಿನ ಹೊಸ ಮನೆ. ಸಂಘದ ಕಾರ್ಯದರ್ಶಿ ಧನರಾಜ ಬಿಳಿ ಅಂಗಿ ತೊಟ್ಟು ಕೈ ಮುಗಿಯುತ್ತ ಹೊರಗೆ ಬಂದ. ಊರಿನಲ್ಲಿ ಒಳ್ಳೆಯ ಹೆಸರಿದ್ದವನು.

"ಬರ್ರಿ ಬರ್ರಿ ಸಾಹೇಬ್ರ. ಶಿವರಾಜ ಫೋನ್ಯಾಗ ಎಲ್ಲಾ ಹೇಳ್ಯಾನ. ಬಡವ್ರ ರೊಕ್ಕ ತಿಂದಾಂವ ಉದ್ಧಾರ ಆಗೂದಿಲ್ರಿ. ಒಳಗ ಕುಂತು ಮಾತಾಡೋಣು."

ಮೋನಪ್ಪ ಒಳಗೆ ಹೋಗಲಿಲ್ಲ. ಹೊಸ್ತಿಲ ಈಚೆಗೇ ನಿಂತ. ಮೇಲೆ ಕಮಲ. ಬಲಗಡೆಯ ಕಂಬದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಗಿಳಿಸಿದ. ಸೊಂಟದೆತ್ತರದಲ್ಲಿ ಪಾಲಿಶಿನ ಕೆಳಗೆ ಬೆರಳಿಗೆ ಗಂಟು ತಾಗಿತು.

"ಭಾಳ ಛಂದ ಬಾಗಲ. ಯಾವಾಗ ನಿಲ್ಲಿಸಿದ್ರಿ?"

"ಹೋದ ಶ್ರಾವಣದಾಗ್ರಿ. ಮೊದಲನೇ ಸೋಮವಾರ."

"ಕಟ್ಟಿಗಿ ಬಂದದ್ದು?"

"ಅದು... ಅದಕ್ಕಿಂತ ಒಂದು ತಿಂಗಳ ಮೊದಲ."

"ಆಷಾಢ ಅಂತ ಕಾದ್ರಿ?"

"ಹೌದ್ರಿ. ನಮ್ಮ ಮನ್ಯಾಗ ಅದೆಲ್ಲಾ ನಡಸ್ತೀವಿ."

"ಅದಕ್ಕ ಸಿಕ್ಕಿ ಬಿದ್ರಿ" ಎಂದ ಮೋನಪ್ಪ.

ಧನರಾಜನ ಮುಗಿದ ಕೈ ಹಾಗೇ ಉಳಿಯಿತು.

ಮೋನಪ್ಪ ಹನ್ನೊಂದು ಫೋಟೊಗಳನ್ನು ಹೊಸ್ತಿಲ ಮುಂದಿನ ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟ.

"ಈ ಚೌಕಟ್ಟು ಹನ್ನೊಂದು ಮನಿ ತಿರುಗ್ಯಾದ ಅಂತ ನಾ ಒಂದು ದಿನ ಹುಚ್ಚನಂಗ ಓಡಾಡ್ದೆ. ಇದು ಎಲ್ಲೂ ತಿರುಗಿಲ್ಲ. ಹನ್ನೊಂದು ಮನೀನ ಇದರ ಹತ್ರ ಬಂದಾವ. ಇಲ್ಲಿ ಬುನಾದಿ ಕೆಂಪು ಕಲ್ಲಿಂದು, ಅಲ್ಲೀದೂ ಕೆಂಪು ಕಲ್ಲಿಂದು. ಫೋಟೊದಾಗ ಯಾರಿಗಿ ಗೊತ್ತಾಗ್ತದ? ನಿಮ್ಮ ಚೌಕಟ್ಟು ಆಷಾಢದಾಗ ಬಿದಿರಿಗಿ ಆನಿಸಿ ಬರೀ ನಿಂತಿತ್ತು. ಅರಿಸಿನ ಹಚ್ಚೂ ಹಂಗಿಲ್ಲ, ಹೂವು ಏರಿಸೂ ಹಂಗಿಲ್ಲ. ಹಚ್ಚಿದ್ರ ಆಷಾಢದಾಗ ಬಾಗಲ ನಿಲ್ಲಿಸಿದಂಗ ಆಗ್ತದಲ್ಲ! ಕಳ್ಳತನಕ್ಕ ಅಂಜಲಿಲ್ಲ. ಆಷಾಢಕ್ಕ ಅಂಜಿದ್ರಿ. ಅದಕ್ಕ ಹನ್ನೊಂದು ಫೋಟೊದಾಗೂ ಬಾಗಲ ಬೋಳ ಅದ. ಮೊದಲನೇ ಸಲ ಮನಿ ಕಾಣೂ ಬಡವ ಬೋಳ ಬಾಗಲ ನಿಲ್ಲಸೂದಿಲ್ಲ ಧನರಾಜ್ರ. ಸಾಲ ಮಾಡಿ ಆದ್ರೂ ಒಂದು ಮಾಲಿ ಹಾಕ್ತಾನ."

ಧನರಾಜ ನಗಲು ನೋಡಿದ. "ಗಂಟಿದ್ದ ಕಟ್ಟಿಗಿ ಊರ ತುಂಬ ಅದಾವ್ರಿ. ಇದರ ಮ್ಯಾಲೆ ಕೇಸು ಹಾಕ್ತೀರೇನು?"

"ಗಂಟು ಅಂದ್ರ ಮರದ ಹೆಬ್ಬೆಟ್ಟು. ಎರಡು ಮರದ ಗಂಟು ಒಂದೇ ನಮೂನಿ ಇರೂದಿಲ್ಲ. ನಮ್ಮಪ್ಪ ಕಲಿಸಿದ್ದು. ಖಮರುದ್ದೀನ್ ಭಾಯ್, ಹೊಡಿ ಇದರ ಫೋಟೊ, ಹತ್ರದಿಂದ."

ಕ್ಯಾಮರಾ ಮಿಂಚಿತು. ಅದೇ ಹೊತ್ತಿಗೆ ಒಳಗಿನಿಂದ ಮನೆಗೆಲಸದ ಹೆಂಗಸು ಚಹಾ ತಂದಳು. ಐವತ್ತು ದಾಟಿದವಳು. ಕಟ್ಟೆಯ ಮೇಲಿನ ಫೋಟೊಗಳನ್ನು ಕಂಡು ಗಕ್ಕನೆ ನಿಂತಳು. ತಟ್ಟೆ ಹಿಡಿದ ಬಲಗೈ ಹೆಬ್ಬೆರಳಿನ ಮೇಲೆ ಓರೆಯಾಗಿ ಹಳೇ ಗಾಯದ ಗುರುತು.

ಮೋನಪ್ಪ ಅವಳ ಕೈಯಿಂದ ತಟ್ಟೆ ಇಳಿಸಿಕೊಂಡ.

"ನಿನ್ನ ಹೆಸರೇನು ಅಕ್ಕಾ?"

"ಧೂಳಮ್ಮ ಅಂತಾರ್ರಿ."

"ಒಳಗ ಹೋಗು ಧೂಳಮ್ಮ!" ಧನರಾಜ ಗದರಿದ.

"ಹೋಗಬ್ಯಾಡ ಅಕ್ಕಾ. ನಿನಗೇನೂ ಆಗೂದಿಲ್ಲ. ಈ ಫೋಟೊದಾಗ ಇದ್ದಾಕಿ ನೀನ?"

ಧೂಳಮ್ಮ ಧನರಾಜನನ್ನು ನೋಡಿದಳು. ಆಮೇಲೆ ಮೀರಾಬಾಯಿಯನ್ನು. ಮೀರಾಬಾಯಿ ತನ್ನ ಡಿ.ಡಿ. ಇದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನಾನ್ರಿ" ಎಂದಳು ಧೂಳಮ್ಮ. "ಹನ್ನೊಂದು ಸಲ ನಿಂತೀನಿ. ದಣೇರು ಬಾಯಾರ ಸೀರಿ ಕೊಟ್ಟು ಉಟ್ಟು ಬಾ ಅಂದ್ರು. ಮುಖ ಮುಚ್ಚು ಅಂದ್ರು. ಸಂಘಕ್ಕ ನಮೂನಿ ಫೋಟೊ ಬೇಕು ಅಂದ್ರು. ಎಷ್ಟೊಂದು ಕಾಗದಕ್ಕ ಅಂಗೂಠಾ ಒತ್ತಿಸಿದ್ರು. ನನಗೂ ಮನಿ ಬರ್ತದೇನ್ರಿ ಅಂತ ಕೇಳ್ದೆ. ನಿನ್ನ ಪಾಳಿ ಬರ್ತದ ಅಂದ್ರು." ಮೀರಾಬಾಯಿಯತ್ತ ತಿರುಗಿದಳು. "ಇವು ಬ್ಯಾರೆಯವ್ರ ಮನಿ ಅಂತ ನನಗ ಗೊತ್ತಿರಲಿಲ್ಲ ತಂಗೀ. ಆಣಿ ಮಾಡ್ತೀನಿ."

ಧನರಾಜ ಕಟ್ಟೆಯ ಮೇಲೆ ಕುಳಿತ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

"ಮನಿ ಖರ್ಚು ಕೈ ಮೀರಿ ಹೋತ್ರಿ. ತಿರುಗಿ ಹಾಕಾಂವ ಇದ್ದೆ."

"ಎಂದ? ಮೂವತ್ತೊಂದು ದಾಟಿದ ಮ್ಯಾಲೆ?" ಮೋನಪ್ಪನ ದನಿ ಏರಲಿಲ್ಲ. "ಲೆಕ್ಕ ಬರೋಬ್ಬರಿ ಹಾಕಿದ್ರಿ. ಕೈಯಾಗ ತಮ್ಮ ಪಾಲು ಇಲ್ಲದ ಹನ್ನೊಂದು ಮಂದಿನ್ನ ಆರಿಸಿದ್ರಿ. ಇವ್ರಿಗಿ ಹದಿನೈದು ಸಾವಿರ ಎಂದೂ ಕೂಡೂದಿಲ್ಲ, ಯಾರೂ ಕೇಳಾಕ ಬರೂದಿಲ್ಲ, ಪ್ಲಾಟು ಹರಾಜಾಗ್ತದ, ಫೈಲು ಮುಚ್ಚತದ. ಒಂದ ಒಂದು ಲೆಕ್ಕ ತಪ್ಪಿತು. ಈ ಮೀರಾಬಾಯಿ ಮಂದಿ ಮಕ್ಕಳಿಗಿ ಅನ್ನ ಬಡಿಸಿ ತನ್ನ ಪಾಲು ಕೂಡಿಟ್ಟಾಳ."

ಕಾನ್‌ಸ್ಟೆಬಲ್ ಒಬ್ಬ ಮುಂದೆ ಬಂದ. "ಸರ್, ಚೌಕಟ್ಟು ಕೇಸಿನ ಮುದ್ದೇಮಾಲಲ್ರಿ? ಕಿತ್ತು ಒಯ್ಯೂದೇನು?"

ಮೋನಪ್ಪ ಅವನನ್ನು ದುರುಗುಟ್ಟಿ ನೋಡಿದ.

"ನಿಂತ ಬಾಗಲ ಕೀಳಬಾರದೋ ತಮ್ಮಾ. ಒಳಗ ಹೆಣ್ಮಕ್ಕಳು ಮಕ್ಕಳು ಅದಾರ. ಪಂಚನಾಮಾ ಬರಿ, ಫೋಟೊ ಅದ. ಅಂವನ್ನ ಅಷ್ಟ ಒಯ್ಯಿ."

* * *

ಶನಿವಾರ ಸಂಘದ ಆಡಳಿತ ಮಂಡಳಿ ಗಡಿಬಿಡಿಯಿಂದ ಸಭೆ ಸೇರಿತು. ಹನ್ನೊಂದು ವೋಚರೂ ರದ್ದು. ಹನ್ನೊಂದು ಹೆಸರೂ ಮತ್ತೆ ಪಟ್ಟಿಗೆ. ಉಳಿದ ಹತ್ತು ಮಂದಿಗೆ ಆರು ತಿಂಗಳ ಗಡುವು. ಮೀರಾಬಾಯಿಗೆ ಗಡುವು ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಪ್ಪತ್ತೇಳನೇ ನಂಬರಿನ ಜಾಲಿ ಗಿಡವನ್ನು ಮಚ್ಚೇಂದ್ರ ಬೇರು ಸಹಿತ ಕಿತ್ತ. ಜೈಭೀಮ ಹಳ್ಳಿಖೇಡದಿಂದ ಟ್ರ್ಯಾಕ್ಟರಿನಲ್ಲಿ ಬೇವಿನ ಚೌಕಟ್ಟು ತಂದ. ಮೋನಪ್ಪ ಟೋಪಿ ತೆಗೆದಿಟ್ಟು, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ.

"ಒಂದು ನೂಲು ಎಡಕ್ಕ. ಇನ್ನೊಂದು ಸ್ವಲ್ಪ. ಹಾಂ, ನಿಂತಿತು!"

ಮೀರಾಬಾಯಿ ನೀಲಿ ಬಟ್ಟೆ ಕಟ್ಟಿದಳು. ಬಾಬಾಸಾಹೇಬರ ಪಟ ಇಟ್ಟು ಮೇಣದಬತ್ತಿ ಹಚ್ಚಿದಳು. ಖಮರುದ್ದೀನ್ ಕ್ಯಾಮರಾ ಹಿಡಿದು ಬಾಗಿದ.

"ಭಾಯ್, ನನ್ನ ಮಾರಿ ನೆಟ್ಟಗ ಬರಬೇಕು ನೋಡು" ಎಂದಳು ಮೀರಾಬಾಯಿ.

ಖಮರುದ್ದೀನ್ ಮೋನಪ್ಪನತ್ತ ತಿರುಗಿ, ನಾ ಹೇಳಿರಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದ.

ಮಂದಿಯ ಹಿಂದೆ ಧೂಳಮ್ಮ ನಿಂತಿದ್ದಳು. ಹೇಳಿಕೆ ಕೊಡಲು ಠಾಣೆಗೆ ಬಂದವಳನ್ನು ಮೀರಾಬಾಯಿಯೇ ಕರೆತಂದಿದ್ದಳು. ಕ್ಯಾಮರಾ ಕಂಡದ್ದೇ ಧೂಳಮ್ಮನ ಕೈ ತಾನಾಗಿ ಮೇಲೆದ್ದು ಸೆರಗನ್ನು ಮುಖದ ಮೇಲೆ ಎಳೆಯಿತು.

ಮೀರಾಬಾಯಿ ಅವಳ ಹತ್ತಿರ ಹೋದಳು. ಸೆರಗು ಹಿಡಿದು ಹಿಂದಕ್ಕೆ ಸರಿಸಿದಳು.

"ಹನ್ನೊಂದು ಬಾಗಲ ಮುಂದ ಹೊರಗ ನಿಂತೀ ಅಕ್ಕಾ" ಎಂದಳು. "ಇದು ಹನ್ನೆರಡನೇದು. ಒಳಗ ಬಾ."